ಕುರ್ಚಿಯ ಕಾಲಿನ ಮೇಲೆ ಹಲ್ಲಿನ ಗುರುತು

"ನಿಜ ಹೇಳಿ, ಈ ನಾಯಿನ ಮುಂಚೆ ಎಲ್ಲಿ ನೋಡಿದ್ರಿ?"

ಬಂದವನು ಇನ್ನೂ ಸರಿಯಾಗಿ ಕೂತಿರಲಿಲ್ಲ, ಅಷ್ಟರಲ್ಲೇ ಅವಳ ಪ್ರಶ್ನೆ!

ಕೇಳದೆ ಇನ್ನೇನು ಮಾಡುತ್ತಾಳೆ? ಮೊಂಡ ಎಂಬ ಈ ಕಲಬೆರಕೆ ನಾಯಿ ಗಂಡಸರ ಚಪ್ಪಲಿ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಸೇರಿ ಗುರ್ರೆನ್ನುತ್ತಿತ್ತು. ಯಾರೋ ಮಹಾನುಭಾವರು ಅದನ್ನು ಬಸ್ ನಿಲ್ದಾಣದ ಕಂಬಕ್ಕೆ ಕಟ್ಟಿ ಕೈತೊಳೆದುಕೊಂಡಿದ್ದರು. ಪ್ರಾಣಿ ರಕ್ಷಣೆಯ ತಂಡದವರು ಬಿಡಿಸಿ ತಂದು, ಕಾಯಂ ಮನೆ ಸಿಗುವವರೆಗೆ ನೋಡಿಕೊಳ್ಳಿ ಎಂದು ಅವಳಿಗೆ ಒಪ್ಪಿಸಿದ್ದರು. ಅಂಥ ಮೊಂಡ, ಸಾಕಿಕೊಳ್ಳುತ್ತೇನೆಂದು ಬಂದ ಈ ಕುರ್ಚಿ ರಿಪೇರಿಯವನ ಬೂಟಿನ ಮೇಲೆ ಉರುಳಿ ಹೊಟ್ಟೆ ತೋರಿಸುತ್ತಿದೆ!

"ಇಲ್ಲ ರೀ... ಫೋಟೋದಲ್ಲಿ ನೋಡಿದ್ದು ಅಷ್ಟೇ."

ಅವನ ಕಣ್ಣು ಒಮ್ಮೆ ಅವಳ ಅಮ್ಮನ ಕಡೆ, ಒಮ್ಮೆ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದ್ದ ಕುರ್ಚಿಯ ಕಡೆ ಹೋಗಿ ಬಂತು.

"ಅದು ನಮ್ಮಪ್ಪನ ಕುರ್ಚಿ. ಅದರಲ್ಲಿ ಯಾರೂ ಕೂರಲ್ಲ," ಎಂದಳು ಅವಳು.

ಅಪ್ಪ ಹೋದ ಮೇಲೆ ಆ ಬಟ್ಟೆಯನ್ನು ಅವಳು ಸರಿಸಿಯೇ ಇರಲಿಲ್ಲ. ನೋಡಿದರೆ ಎಲ್ಲಿ ಅತ್ತುಬಿಡುತ್ತೇನೋ ಎಂಬ ಭಯ. ಮೊಂಡ ಬಂದ ದಿನವೇ ಬೆರಳೆತ್ತಿ ಹೇಳಿದ್ದಳು: "ಅಪ್ಪನ ಕುರ್ಚಿಗೆ ಬಾಯಿ ಹಾಕಿದ್ಯೋ, ಅವತ್ತೇ ವಾಪಸ್!"

ಅಮ್ಮ ಸುಮ್ಮಸುಮ್ಮನೆ ಕೆಮ್ಮಿ ಒಳಗೆ ಹೋದಳು. ಏನನ್ನೂ ಕೇಳದೆ ಚಹಾ ತಂದು ಅವನ ಮುಂದಿಟ್ಟು, "ಸಕ್ಕರೆ ಹಾಕಿಲ್ಲಪ್ಪ," ಎಂದಳು. ಅವನು ತಲೆ ತಗ್ಗಿಸಿ ಕುಡಿದ. ನಮ್ಮ ಅನುಮಾನದ ಅಮ್ಮಣ್ಣಿಯ ತಲೆಗೆ ಇದೊಂದು ಮಾತ್ರ ಹೋಗಲಿಲ್ಲ. ಅವಳ ಕಣ್ಣೆಲ್ಲ ನಾಯಿಯ ಬಾಲದ ಮೇಲಿತ್ತು.

*ಇವನು ಏನೋ ಮುಚ್ಚಿಡ್ತಿದ್ದಾನೆ...*

ನಾಯಿಯನ್ನು ಕೊಡುವ ಮೊದಲು ಕೆಲವು ಸಂಜೆ ಇಬ್ಬರೂ ಜೊತೆಯಲ್ಲಿ ಸುತ್ತಾಡಿಸಬೇಕು ಎನ್ನುವುದು ತಂಡದ ಪದ್ಧತಿ. ಸುತ್ತಾಡಿಸಿದರು. ಅವಳ ಬೆರಳಿಗೆ ಅಂಟಿದ ಪ್ಲಾಸ್ಟರ್ ಪುಡಿ ನೋಡಿ ಅವನು ಕೇಳಿದ, "ದಿನವಿಡೀ ಬರೀ ಹಲ್ಲೇ ಮಾಡ್ತೀರಾ?"

"ಹೌದು. ದಂತವೈದ್ಯರು ಅಚ್ಚು ಕಳಿಸ್ತಾರೆ, ನಾವು ಲ್ಯಾಬಲ್ಲಿ ಹಲ್ಲಿನ ಸೆಟ್ ಮಾಡ್ತೀವಿ. ಒಬ್ಬರ ಹಲ್ಲಿನ ಗುರುತು ಇನ್ನೊಬ್ಬರದಕ್ಕೆ ಹೋಲಲ್ಲ ಗೊತ್ತಾ? ಮುಖ ಮರೀಬಹುದು, ಹಲ್ಲು ಮರೆಯಲ್ಲ ನಾನು."

"ಹಂಗಾದ್ರೆ ನಿಮ್ಮೆದುರು ನಗೋಕೂ ಭಯ!"

ಅವಳಿಗೆ ನಗು ಬಂತು. ಬಂದ ನಗುವಿನ ಮೇಲೆ ಅವಳಿಗೇ ಕೋಪವೂ ಬಂತು. ಸಂಜೆಯಾದರೆ ಬಾಗಿಲ ಕಡೆ ಕಿವಿ ಹೋಗುತ್ತಿದ್ದುದು ಮೊಂಡನದು ಮಾತ್ರವಲ್ಲ ಎಂದು ಅವಳಿಗೆ ಗೊತ್ತಾಗತೊಡಗಿತ್ತು. ಆದರೆ ಆ ಮೊದಲ ದಿನದ ಸುಳ್ಳು... ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಕೂತಿತ್ತು.

ಕೊನೆಗೆ ಅವನ ಮನೆ ನೋಡುವ ದಿನ ಬಂತು. ಕೆಳಗೆ ಅಂಗಡಿ, ಮೇಲೆ ಮನೆ. ವಾರ್ನಿಷ್ ವಾಸನೆ, ಗೋಡೆಗೆ ಒರಗಿದ ಮುರುಕು ಮೇಜುಗಳು. ಮೆಟ್ಟಿಲ ಹತ್ತಿರ ಮೊಂಡನಿಗೆಂದು ಹೊಸ ಹಾಸಿಗೆ. ಅದನ್ನು ನೋಡಿ ಅವಳ ಮನಸ್ಸು ಮೆತ್ತಗಾಗುತ್ತಿತ್ತು. ಅಷ್ಟರಲ್ಲಿ ಕೆಲಸದ ಮೇಜಿನ ಇಕ್ಕಳದಲ್ಲಿ ಸಿಕ್ಕಿಸಿದ್ದ ಒಂದು ಕುರ್ಚಿಯ ಕಾಲು ಕಣ್ಣಿಗೆ ಬಿತ್ತು. ಬಣ್ಣವನ್ನೆಲ್ಲ ಕೆರೆದು ಬೋಳು ಮಾಡಿದ ಕಾಲು. ಅದರ ಮೇಲೆ ಹಲ್ಲಿನ ಗುರುತು!

ಅವಳು ಬಗ್ಗಿದಳು. ಒಂದು ಕಡೆ ಕೋರೆಹಲ್ಲಿನ ಆಳವಾದ ಕುಳಿ. ಇನ್ನೊಂದು ಕಡೆ ಅದೇ ಜಾಗದಲ್ಲಿ ಏನೂ ಇಲ್ಲ. ಮೊಂಡನ ತುಟಿ ಎತ್ತಿ ನೋಡಿದಳು. ಗುರುತು ಬೀಳದ ಕಡೆಯ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು.

"ಇದು ಇವನದೇ ಹಲ್ಲು," ಎಂದಳು. "ಈ ಕುರ್ಚಿ ಯಾರದು?"

ಅವನ ಮುಖ ಬಿಳಿಚಿತು. "ಗಿರಾಕಿದು."

"ಯಾವ ಗಿರಾಕಿ?"

"ಅದು... ಹೇಳೋಕಾಗಲ್ಲ. ಮಾತು ಕೊಟ್ಟಿದೀನಿ."

"ಯಾರಿಗೆ ಮಾತು? ಇವನನ್ನ ಕಂಬಕ್ಕೆ ಕಟ್ಟಿ ಹೋದೋರಿಗಾ? ಅಥವಾ ಗಿರಾಕಿನೇ ಇಲ್ವಾ? ಕಟ್ಟಿ ಹೋದ ಕೈ ನಿಮ್ಮದೇನಾ?"

"ಅಷ್ಟು ಕೆಟ್ಟೋನು ಅಂತ ಅನ್ಸುತ್ತಾ ನಾನು?"

ಅನ್ನಿಸುತ್ತಿರಲಿಲ್ಲ. ಅದೇ ಅವಳ ಸಂಕಟ!

"ಈಗಲೇ ತಂಡದವರಿಗೆ ಹೇಳ್ತೀನಿ. ಇವನೊಬ್ಬನೇ ಅಲ್ಲ, ಇನ್ಯಾವ ನಾಯಿನೂ ನಿಮ್ಮ ಮನೆಗೆ ಬರಲ್ಲ!"

ಮೊಂಡ ಕಾಲೂರಿ ನಿಂತು ಬರಲೊಲ್ಲೆ ಎಂದಿತು. ಅವಳು ಅದನ್ನು ಎತ್ತಿಕೊಂಡೇ ಹೊರಟಳು. ದಾರಿಯುದ್ದಕ್ಕೂ ಕಣ್ಣೀರು ಸುರಿಯಿತು. ಮೋಸಗಾರನಿಗಾಗಿ ಯಾಕೆ ಅಳಬೇಕು ಎಂದು ತನ್ನನ್ನು ತಾನೇ ಬೈದುಕೊಂಡಳು.

ಮನೆಗೆ ಬಂದವಳೇ ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿ, ಫೋನ್ ಕೈಗೆತ್ತಿಕೊಂಡಳು.

"ಆ ಫೋನ್ ಕೆಳಗಿಡು," ಎಂದಳು ಅಮ್ಮ.

"ಅಮ್ಮಾ, ನಿಂಗೊತ್ತಿಲ್ಲ, ಅವನು..."

"ನಂಗೆಲ್ಲ ಗೊತ್ತು ಕಣೇ. ನೀನು ಮೊದಲು ಇಲ್ಲಿ ಬಾ."

ಅಮ್ಮ ಮೂಲೆಗೆ ಹೋಗಿ ಅಪ್ಪನ ಕುರ್ಚಿಯ ಬಟ್ಟೆಯನ್ನು ಒಂದೇ ಸಲಕ್ಕೆ ಎಳೆದಳು.

ಕುರ್ಚಿ ಇರಲಿಲ್ಲ! ಅಡುಗೆಮನೆಯ ಸ್ಟೂಲು, ಅದರ ಹಿಂದೆ ನಿಲ್ಲಿಸಿದ ಹಳೇ ಇಸ್ತ್ರಿ ಹಲಗೆ.

"ನೀನು ಕೆಲಸಕ್ಕೆ ಹೋದಾಗ ಈ ಮೊಂಡ ಕುರ್ಚಿ ಕಾಲು ಅಗಿದುಬಿಟ್ಟ. ವಾಪಸ್ ಕಳಿಸ್ತೀನಿ ಅಂದಿದ್ಯಲ್ಲ, ಹೆದರಿಕೆ ಆಯ್ತು ನಂಗೆ. ಆ ಹುಡುಗನ್ನ ಕರೆಸಿ ಗುಟ್ಟಾಗಿ ರಿಪೇರಿಗೆ ಕೊಟ್ಟೆ. ಯಾರಿಗೂ ಹೇಳಬೇಡಪ್ಪ ಅಂತ ಆಣೆ ಹಾಕಿಸ್ಕೊಂಡೆ. ಅಳತೆಗೆ, ಬಣ್ಣಕ್ಕೆ ಅಂತ ಬಂದು ಬಂದು ಇವನೂ ಅವನಿಗೆ ಹೊಂದ್ಕೊಂಡ."

"ನೀನು ಇವನನ್ನ ದಿನಾ ಶನಿ ಅಂತ ಬೈತಿದ್ದೆ!"

"ಬೈದ್ರೆ ಪ್ರೀತಿ ಇಲ್ಲ ಅಂತಾನಾ? ನಿನ್ನನ್ನೂ ಬೈತೀನಲ್ಲ." ಅಮ್ಮ ಬಟ್ಟೆಯನ್ನು ಮಡಿಸಿಟ್ಟಳು. "ನಿಮ್ಮಪ್ಪ ಇದ್ದಿದ್ರೆ ಕುರ್ಚಿ ಇವನಿಗೆ ಬಿಟ್ಟು ತಾವು ನೆಲದಲ್ಲಿ ಕೂತಿರೋರು ಕಣೇ."

ಅವಳು ಆ ಸ್ಟೂಲನ್ನೇ ನೋಡುತ್ತಾ ನಿಂತಳು. ಇಷ್ಟು ದಿನ ದೂರದಿಂದ ಕೈಮುಗಿದದ್ದು ಇದಕ್ಕಾ! ನಗುವೋ ಅಳುವೋ ತಿಳಿಯಲಿಲ್ಲ. ಕೇಳದೆಯೇ ಸಕ್ಕರೆ ಬಿಟ್ಟು ಅಮ್ಮ ಕೊಟ್ಟ ಆ ಚಹಾ ಈಗ ನೆನಪಾಯಿತು. ಕದ್ದು ನೋಡಿದ ಅವನ ಕಣ್ಣು, ಬೈಸಿಕೊಂಡೂ ಬಿಚ್ಚದ ಬಾಯಿ...

*ಅಮ್ಮನಿಗೆ ಕೊಟ್ಟ ಮಾತಿಗೆ ನನ್ನ ಕೈಲಿ ಕೆಟ್ಟೋನು ಅನ್ನಿಸ್ಕೊಂಡ!*

ಮೊಂಡನ ಹಗ್ಗ ಹಿಡಿದು ಬಂದ ದಾರಿಯಲ್ಲೇ ಓಡಿದಳು.

ಅವನು ಅಪ್ಪನ ಕುರ್ಚಿಯನ್ನು ಒಳಗಿಂದ ತಂದು, ಆ ಕಾಲನ್ನು ಅದಕ್ಕೆ ಜೋಡಿಸುತ್ತಿದ್ದ. ಮೊಂಡ ಹೋಗಿ ಅವನ ಬೂಟಿನ ಮೇಲೆ ಉರುಳಿತು. ಅವನು ತಲೆಯೆತ್ತಲಿಲ್ಲ.

"ಫೋನ್ ಮಾಡಿ ಆಯ್ತಾ?"

"ಇಲ್ಲ. ಅಮ್ಮ ಎಲ್ಲಾ ಹೇಳಿದ್ರು." "ತಪ್ಪಾಯ್ತು ರೀ... ತುಂಬಾ ಕೆಟ್ಟ ಮಾತು ಅಂದೆ."

"ಹಲ್ಲು ಗುರುತು ಹಿಡಿಯೋದ್ರಲ್ಲಿ ತಪ್ಪಾಗಿಲ್ಲ ಬಿಡಿ," ಎಂದ. "ನಂದೂ ಒಂದು ಸುಳ್ಳಿದೆ."

"ಇನ್ನೇನು?"

"ಬರೀ ನಾಯಿಗೋಸ್ಕರ ಬರ್ತೀನಿ ಅಂದಿದ್ದೆ. ಮೊದಮೊದಲು ನಿಜ. ಆಮೇಲೆ... ಇವನು ಸುಸ್ತಾಗಿ ಮಲಗಿದ್ರೂ ಇನ್ನೊಂದು ಸುತ್ತು ಅಂತ ಎಬ್ಬಿಸ್ತಿದ್ದೆ. ಇಲ್ಲಾಂದ್ರೆ ನೀವು ಬೇಗ ಮನೆಗೆ ಹೋಗ್ತೀರಲ್ಲ ಅಂತ."

ಅವಳ ಕೆನ್ನೆ ಬಿಸಿಯಾಯಿತು. ಅವನು ಅವಸರವಸರವಾಗಿ ಕುರ್ಚಿಯ ಕಾಲಿನ ಕಡೆ ಕೈ ತೋರಿಸಿದ.

"ಒಂದು ಗುರುತು ಉಳಿದಿದೆ. ಮುಚ್ಚಿಬಿಡ್ಲಾ?"

ಅವಳು ಬಗ್ಗಿ ಆ ಕುಳಿಯನ್ನು ಬೆರಳಿಂದ ಸವರಿದಳು.

"ಬೇಡ. ಅದಿರಲಿ."

ಆಮೇಲೆ, ಅಪ್ಪ ಹೋದ ಮೇಲೆ ಮೊದಲ ಸಲ, ಆ ಕುರ್ಚಿಯಲ್ಲಿ ಕೂತಳು. ಕಣ್ಣು ತುಂಬಿತು. ಮೊಂಡ ಎದ್ದು ಬಂದು ಅವಳ ಮಂಡಿಯ ಮೇಲೆ ಗದ್ದ ಊರಿತು.

"ಇವನಿಗೆ ಕೊನೆಗೂ ಯಾವ ಮನೆ ರೀ?" ಎಂದು ಮೆಲ್ಲಗೆ ಕೇಳಿದ ಅವನು.

"ಸದ್ಯಕ್ಕೆ ನಾನು ಲ್ಯಾಬಿಗೆ ಹೋದಾಗ ನಿಮ್ಮದು. ವಾಪಸ್ ಬಂದ ಮೇಲೆ ನಮ್ಮದು."

"ಸದ್ಯಕ್ಕೆ ಅಂದ್ರೆ... ಎಲ್ಲೀವರೆಗೆ?"

ಅವಳು ನಾಯಿಯ ಕಿವಿ ತುರಿಸುತ್ತಾ, ಅವನ ಮುಖ ನೋಡದೆ ಹೇಳಿದಳು:

"ಎರಡು ಮನೆ ಯಾಕೆ ಅಂತ ನೀವು ಬಂದು ಅಮ್ಮನ್ನ ಕೇಳೋವರೆಗೆ."