ನೀರಜಾ ಮನೆಯಲ್ಲಿಲ್ಲ

ತಾಟಿನ ತುಂಬ ಹರಡಿದ್ದ ಅಕ್ಕಿಯ ಮೇಲೆ ಮಲಕಪ್ಪ ಉಂಗುರದ ತುದಿಯಿಂದ ಒಂದು ಹೆಸರು ಬರೆದ: ನೀರಜಾ. ಬರೆದವನು ತಲೆಯೆತ್ತಲಿಲ್ಲ. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದ ಶಿವಗಂಗಾ ಅದನ್ನು ಓದಿದಳು. ಓದಿದ್ದನ್ನು ನಂಬಲಾಗದೆ ಮತ್ತೊಮ್ಮೆ ಓದಿದಳು.

“ಯಾರ್ರಿ ಇಕಿ?” ಎಂದು ಕೇಳಿದಳು, ಸ್ವಾಮಿಗಳ ಮಂತ್ರದ ನಡುವೆಯೇ.

“ಅತ್ತಿ ಇಟ್ಟ ಹೆಸರು. ಆಮ್ಯಾಲೆ ಹೇಳ್ತೀನಿ.”

“ನನ್ನ ಹೆಸರು ಮುಟ್ಟೂದಿಲ್ಲಂತ ಮಾತು ಕೊಟ್ಟಿದ್ರಿ.”

“ಎಲ್ಲಾರೂ ನೋಡ್ಲಿಕತ್ತಾರ...”

“ನೋಡ್ಲಿ.”

ಹಸಿರು ಬಳೆ ತುಂಬಿದ ಕೈಯಿಂದ ಅವಳು ತಾಟಿನ ಅಕ್ಕಿಯನ್ನು ಒಂದೇ ಸಲಕ್ಕೆ ಬಳಿದುಬಿಟ್ಟಳು. ನೀರಜಾ ಹುಟ್ಟಿದ ಗಳಿಗೆಯಲ್ಲೇ ಮಣ್ಣುಪಾಲಾದಳು. ಪುಣೆಯ ಆ ಮಂಗಲ ಕಾರ್ಯಾಲಯದಲ್ಲಿ ಸಂಪ್ರದಾಯದಂತೆ ಗಂಡ ಬರೆದಿಟ್ಟ ಹೊಸ ಹೆಸರನ್ನು ಮದುಮಗಳೊಬ್ಬಳು ಹೀಗೆ ಅಳಿಸಿದ್ದನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಮಲಕಪ್ಪನನ್ನು ಸಾಕಿ ಬೆಳೆಸಿದ ಸೋದರತ್ತೆ ರಾಧಾಬಾಯಿ ಮುಂದಿನ ಸಾಲಿನಿಂದ ಎದ್ದು ನಿಂತರು.

ಶಿವಗಂಗಾಳ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳನ್ನು ಬಲ್ಲವರೆಲ್ಲ ಹೇಳುತ್ತಿದ್ದರು. ಈ ಸಿಟ್ಟು ಮಾತ್ರ ಆರು ವರ್ಷದ ದುಡಿಮೆಯಿಂದ ಬಂದದ್ದು. ಪುಣೆಯ ಕ್ಯಾಂಪ್ ಪ್ರದೇಶದ ಟ್ರಾವೆಲ್ ಏಜೆನ್ಸಿಯೊಂದರಲ್ಲಿ ಅವಳು ಟಿಕೆಟ್ ಬರೆಯುವ ಕೆಲಸ ಮಾಡುತ್ತಿದ್ದಳು. ಲಂಡನ್ನಿಗೆ ಹೋಗುವವರ ಟಿಕೆಟ್, ನೈರೋಬಿಗೆ ಹೋಗುವವರ ಟಿಕೆಟ್, ಎಲ್ಲ ಅವಳ ಕೈಬರಹದಲ್ಲೇ ಹೊರಡುತ್ತಿದ್ದವು. ಅವಳ ಮೇಜಿನ ಎದುರಿನ ಗೋಡೆಯಲ್ಲಿ ಇಸ್ತಾಂಬುಲ್ ನಗರದ ಚಿತ್ರವಿತ್ತು. ನೀಲಿ ನೀರು, ಗುಮ್ಮಟಗಳು, ಈ ದಂಡೆಯಿಂದ ಆ ದಂಡೆಗೆ ಜನರನ್ನು ದಾಟಿಸುವ ದೋಣಿ. ಈ ದಂಡೆ ಏಷ್ಯಾ, ಆ ದಂಡೆ ಯುರೋಪು. ನೋಡಿ ನೋಡಿ ಆ ದೋಣಿಯಲ್ಲಿ ತನಗೊಂದು ಜಾಗ ಕಾದಿದೆ ಎಂದೇ ಅವಳಿಗೆ ಅನ್ನಿಸತೊಡಗಿತ್ತು.

ಅಂದಿನಿಂದ ಲೆಕ್ಕ ಒಂದೇ: ಮೊದಲು ಇಸ್ತಾಂಬುಲ್, ಉಳಿದದ್ದೆಲ್ಲ ಆಮೇಲೆ. ಬಸ್ಸು ಬಿಟ್ಟು, ತಾನಿದ್ದ ಹೆಂಗಸರ ಹಾಸ್ಟೆಲಿನಿಂದ ಕ್ಯಾಂಪಿಗೆ ನಡೆದಳು. ದೀಪಾವಳಿಗೆ ಸೀರೆ ಬೇಡವೆಂದಳು. ತವರೂರು ಗುಳೇದಗುಡ್ಡದಿಂದ ಅಪ್ಪ ಬಂಗಾರದ ಮಾತೆತ್ತಿದರೆ, “ಬಂಗಾರ ಹಾಕ್ಕೊಂಡು ಎಲ್ಲಿಗೆ ಹೋಗ್ಲಿ? ಅದ ರೊಕ್ಕ ಕೊಡ್ರಿ, ಹೋಗೂ ಜಾಗಾ ನನಗ ಗೊತ್ತದ,” ಎನ್ನುತ್ತಿದ್ದಳು. ಫೆಬ್ರವರಿಯ ಚಳಿಯಲ್ಲಿ ಅತ್ತ ಹೋಗುವವರು ಕಡಿಮೆ, ಹೋಟೆಲಿನ ಕೋಣೆ ಅಗ್ಗ. ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟು ವರ್ಷ ದುಡಿದ ಏಜೆನ್ಸಿಯ ನೌಕರಳಿಗೆ ವಿಮಾನ ಕಂಪನಿಯವರು ಕಾಲು ದರದಲ್ಲಿ ಒಂದು ಟಿಕೆಟ್ ಕೊಡುತ್ತಿದ್ದರು. ಅದು ಇನ್ನೊಬ್ಬರಿಗೆ ಸಲ್ಲುವಂತಿಲ್ಲ. ಟಿಕೆಟ್ಟಿನ ಹೆಸರು, ಪಾಸ್‌ಪೋರ್ಟಿನ ಹೆಸರು, ಕಂಪನಿಯ ಪಟ್ಟಿಯ ಹೆಸರು ಮೂರೂ ಒಂದೇ ಇರಬೇಕು.

ಇದನ್ನೆಲ್ಲ ಅವಳು ಹೆಣ್ಣು ನೋಡುವ ದಿನವೇ ಮಲಕಪ್ಪನಿಗೆ ಹೇಳಿದ್ದಳು. ಪುಣೆಯ ರವಿವಾರ ಪೇಠೆಯಲ್ಲಿ ಕುಪ್ಪಸದ ಖಣದ ಅಂಗಡಿ ಇಟ್ಟಿದ್ದ ಆ ಮನುಷ್ಯ ಅವಲಕ್ಕಿಯ ಬಟ್ಟಲು ಹಿಡಿದು ಕೂತಿದ್ದ. ಅವಳು ಮಾತು ಮುಗಿಸಿ, ಈಗ ಇವನು ಎದ್ದು ಹೋಗುತ್ತಾನೆ ಎಂದು ಕಾದಳು.

“ನಾನೂ ಬರ್ಲೇನ್ರಿ?” ಎಂದು ಕೇಳಿದ್ದ ಅವನು. “ಬ್ಯಾಗ್ ಹೊರಾಕ ಒಬ್ಬಾವ ಬೇಕಲ್ಲ.”

ಹೇಳಿ ಕಣ್ಣೆತ್ತಿ ನೋಡಿದ್ದ. ಆ ಕಣ್ಣಲ್ಲಿ ತಮಾಷೆಯೂ ಇತ್ತು, ಭಯವೂ ಇತ್ತು. ಶಿವಗಂಗಾ ಅಲ್ಲೇ ಸೋತಳು. ಇಂಥವನು ತಾಟಿನ ಮುಂದೆ ಕೂತು ಅತ್ತೆಯ ಒಂದು ಮಾತಿಗೆ ತಲೆಬಾಗಿಸುತ್ತಾನೆ ಎಂದರೆ! ಬೇರೆ ಯಾರೋ ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇವನನ್ನು ಅವಳು ಮೆಚ್ಚಿದ್ದಳು.

ಮದುವೆ ಹೇಗೋ ಮುಗಿಯಿತು. ಮನೆಯಲ್ಲಿ ಯುದ್ಧ ಶುರುವಾಯಿತು.

“ನೀರಜಾ, ಚಹಾ ತಗೊಂಬಾ,” ಎಂದು ರಾಧಾಬಾಯಿ ಪಡಸಾಲೆಯಿಂದ ಕೂಗಿದರು.

ಶಿವಗಂಗಾ ಅಡುಗೆಮನೆಯಲ್ಲಿ ಕೂತೇ ಇದ್ದಳು.

“ನೀರಜಾ! ಕಿವಿ ಕೇಳಸ್ತದೋ ಇಲ್ಲೋ?”

“ನೀರಜಾ ಮನ್ಯಾಗ ಇಲ್ರಿ ಅತ್ತಿ,” ಎಂದಳು ಒಳಗಿನಿಂದ. “ಶಿವಗಂಗಾ ಇದ್ದಾಳ. ಆಕಿಗೆ ಹೇಳಿದ್ರ ಶುಂಠಿ ಹಾಕಿ ಮಾಡಿ ತರ್ತಾಳ.”

ಅಂದು ಆ ಮನೆಯಲ್ಲಿ ಯಾರೂ ಚಹಾ ಕುಡಿಯಲಿಲ್ಲ.

ಮಲಕಪ್ಪ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದ. ಅತ್ತೆಯ ಮುಂದೆ ಹೆಂಡತಿಯನ್ನು ‘ಇಕಿ’ ಎಂದ, ಕೋಣೆಯಲ್ಲಿ ‘ಏ’ ಎಂದ. ಎರಡು ಹೆಸರಿನಲ್ಲಿ ಒಂದನ್ನೂ ನಾಲಿಗೆಗೆ ತರಲಿಲ್ಲ. ಊಟಕ್ಕೆ ಕೂತಾಗ ಕದ್ದು ನೋಡುತ್ತಿದ್ದ. ಅವಳು ನೋಡಿದರೆ ರೊಟ್ಟಿಯನ್ನು ನೋಡುತ್ತಿದ್ದ. ಒಂದು ಸಂಜೆ ಅವಳ ಜಡೆಗೆಂದು ಮಲ್ಲಿಗೆಯ ಮಾಲೆ ತಂದು ಕಿಟಕಿಯ ಬಳಿ ಇಟ್ಟ.

“ಯಾರಿಗ್ರಿ ಇದು?” ಎಂದಳು.

“ಮತ್ಯಾರಿಗೆ? ನಿನಗ.”

“ಹೆಸರು ಹಿಡದು ಕೊಡ್ರಿ. ತಗೋತೀನಿ.”

ಅವನ ಬಾಯಿ ತೆರೆಯಿತು. ಪಡಸಾಲೆಯಲ್ಲಿ ಅತ್ತೆಯ ಕೆಮ್ಮು ಕೇಳಿಸಿತು. ಬಾಯಿ ಮುಚ್ಚಿತು. ಮಲ್ಲಿಗೆ ಕಿಟಕಿಯಲ್ಲೇ ಬಾಡಿತು. ಹಾದುಹೋಗುವಾಗೆಲ್ಲ ಅವಳು ಅದನ್ನು ನೋಡಿದಳು, ಆದರೆ ಒಂದು ಎಸಳೂ ಮುಟ್ಟಲಿಲ್ಲ.

ಹೊರಡುವ ದಿನ ಹತ್ತಿರ ಬಂತು. ಶಿವಗಂಗಾ ಕಟಕ ರೊಟ್ಟಿ ಬಡಿದು ಒಣಗಿಸಿ ಡಬ್ಬಿ ತುಂಬಿದಳು. ಶೇಂಗಾ ಚಟ್ನಿ ಕುಟ್ಟಿದಳು. ತಿಂಗಳಾದರೂ ಕೆಡದ ಊಟ ಕೈಯಲ್ಲಿದ್ದರೆ ಪರದೇಶದಲ್ಲಿ ಡಾಲರ್ ಕೊಟ್ಟು ಬ್ರೆಡ್ ಯಾಕೆ ತಿನ್ನಬೇಕು? ಉಳಿದ ಡಾಲರಿನಲ್ಲಿ ದಿನವಿಡೀ ದೋಣಿಯಲ್ಲಿ ಕೂರಬಹುದು. ಸಿಟ್ಟಿನ ನಡುವೆಯೂ ಅವಳು ಮಲಕಪ್ಪನಿಗೆಂದು ಬೇರೆ ಡಬ್ಬಿಯಲ್ಲಿ ಖಾರ ಕಡಿಮೆ ಹಾಕಿದ ಚಟ್ನಿ ತುಂಬಿದ್ದಳು.

ಆಗಲೇ ಮಲಕಪ್ಪ ಒಂದು ಕಾಗದ ಹಿಡಿದು ನಗುತ್ತ ಬಂದ.

“ಇಲ್ಲೊಂದು ಸಹಿ ಹಾಕು. ನಿನ್ನ ಪಾಸ್‌ಪೋರ್ಟ್ ಸರಿ ಮಾಡ್ಸಾಕ ಕೊಟ್ಟೀನಿ. ಮುಂಬಯಿಯ ಏಜಂಟನ ಹತ್ರ ಅದ.”

“ಏನ್ ಸರಿ ಮಾಡ್ಸಾಕ?”

“ನನ್ನ ಟಿಕೆಟ್ಟು ನಿನ್ನ ಗಂಡ ಅಂತ ಅರ್ಧಾ ದರದಾಗ ಸಿಕ್ಕದ. ನಿನ್ನ ಪಾಸ್‌ಪೋರ್ಟಿನಾಗ ಅಪ್ಪನ ಹೆಸರದ. ವಿಮಾನ ನಿಲ್ದಾಣದಾಗ ಹಿಡದು, ಇಕಿ ನಿನ್ನ ಹೇಂತಿ ಹೌದೋ ಅಲ್ಲೋ ಅಂದ್ರ? ಹೊಸ ಹೆಸರು ಹಾಕ್ಸಿದ್ರ ಅತ್ತಿಗೂ ಸಮಾಧಾನ, ನಮಗೂ ಸಲೀಸು.”

ಒಳ್ಳೆಯದೇ ಮಾಡಿದೆನೆಂಬ ಹೆಮ್ಮೆ ಅವನ ಮುಖದ ಮೇಲೆ ಇನ್ನೂ ಇತ್ತು. ಅದನ್ನು ನೋಡಿ ಶಿವಗಂಗಾಳ ಮೈ ಉರಿದುಹೋಯಿತು.

“ಟಿಕೆಟ್ ಇರೂದು ಯಾರ ಹೆಸರಿನಾಗ?” ಎಂದಳು. ದನಿ ಸಣ್ಣದಾಗಿತ್ತು. “ಆರು ವರ್ಷ ಆ ಮೇಜಿನ ಮುಂದ ಕೂತಾಕಿ ಯಾರು? ನೀರಜಾ ಕೂತಿದ್ಲೇನು? ಹೆಸರು ಬದಲಾದ ಗಳಿಗಿಗೆ ಆ ಟಿಕೆಟ್ಟು ಚುರುಮುರಿ ಕಟ್ಟೂ ಕಾಗದ ಆಗ್ತದ. ಇದನ್ನ ನಿಮಗ ಮೊದಲ ದಿನಾನ ಹೇಳಿದ್ದೆ.”

ಮಲಕಪ್ಪನ ಮುಖ ಬಿಳಿಚಿಕೊಂಡಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ಬ್ಯಾರೆ ಟಿಕೆಟ್ ತಗೊಂಡ್ರಾತು,” ಎಂದರು ಬಾಗಿಲಿಗೆ ಬಂದು ನಿಂತ ರಾಧಾಬಾಯಿ. “ಒಂದು ಹೆಸರಿಗೆ ಇಷ್ಟ್ಯಾಕ ಕುಣೀತಿ? ನಾನೂ ಚನ್ನಬಸವ್ವ ಇದ್ದೆ. ಹದಿಮೂರು ವರ್ಷಕ್ಕ ಸೊಲ್ಲಾಪುರದವರು ತಾಟಿನಾಗ ರಾಧಾಬಾಯಿ ಅಂತ ಬರದ್ರು. ಬರದ ಗಂಡ ವರ್ಷ ತುಂಬೂದ್ರಾಗ ತೀರಿಹೋದ. ಆತನ ಮಾರಿ ನನಗ ನೆನಪಿಲ್ಲ, ಆತ ಇಟ್ಟ ಹೆಸರು ಹೊತ್ತು ಇಷ್ಟ್ ವರ್ಷ ತಿರಗೀನಿ. ನಾ ಕುಣದೇನು?”

ಶಿವಗಂಗಾ ಚಟ್ನಿಯ ಡಬ್ಬಿಯನ್ನು ಪಕ್ಕಕ್ಕಿಟ್ಟು ಅವರ ಕಡೆ ತಿರುಗಿದಳು.

“ಕುಣೀಬೇಕಿತ್ರಿ,” ಎಂದಳು ಶಿವಗಂಗಾ. “ನಿಮಗ ಸಿಟ್ಟು ಬರಬೇಕಿತ್ತು. ಬರದಾವನ ಮ್ಯಾಲೆ ಬರಬೇಕಿತ್ತು, ನನ್ನ ಮ್ಯಾಲಲ್ಲ.”

ಆಮೇಲೆ ಗಂಡನ ಕಡೆ ತಿರುಗಿದಳು. “ನಾ ಹಾಸ್ಟೆಲಿಗೆ ಹೊಂಟೆ. ನನ್ನ ಪಾಸ್‌ಪೋರ್ಟು ಇದ್ದಂಗ ತಂದ್ರ ನಾ ಬರ್ತೀನಿ. ಇಲ್ಲಂದ್ರ ನೀರಜಾನ್ನ ಕರಕೊಂಡು ಸಂಸಾರ ಮಾಡ್ರಿ.”

ಹಾಸ್ಟೆಲಿನಲ್ಲಿ ಅವಳ ಹಳೆಯ ಗೆಳತಿ ಗೋದಾ ಹಾಸಿಗೆಯ ಅರ್ಧ ಬಿಟ್ಟುಕೊಟ್ಟಳು. ಶಿವಗಂಗಾ ಗೋಡೆಗೆ ಮುಖ ಮಾಡಿ ಮಲಗಿದಳು. ಇಸ್ತಾಂಬುಲ್ ಹೋಯಿತೆಂಬ ದುಃಖ ಒಂದು. ಅದಕ್ಕಿಂತ ದೊಡ್ಡದು, ಅವನಿಲ್ಲದೆ ಸಿಕ್ಕರೂ ಅದು ಬೇಡವೆನ್ನಿಸುತ್ತಿದೆಯಲ್ಲ ಎಂಬ ಸಿಟ್ಟು. ಆರು ವರ್ಷ ಒಬ್ಬಳೇ ಕಂಡ ಕನಸಿನೊಳಗೆ ಆ ಹುಂಬ ಯಾವಾಗ ಬಂದು ಕೂತ?

ಗೋದಾ ನಗುತ್ತಿದ್ದಳು. “ಇಷ್ಟ್ ಸಿಟ್ಟು ಪ್ರೀತಿ ಇಲ್ದ ಬರೂದಿಲ್ಲ ಬಿಡು.”

“ನೀ ಸುಮ್ಮನ ಮಕ್ಕೋ,” ಎಂದಳು ಶಿವಗಂಗಾ.

ಮಲಕಪ್ಪ ಅಂಗಡಿಗೆ ಬೀಗ ಹಾಕಿ ಮೊದಲ ಗಾಡಿಗೇ ಮುಂಬಯಿಗೆ ಹೋದ. ಏಜಂಟ್ ಯಾವುದೋ ಲಗ್ನಕ್ಕೆಂದು ಊರಿಗೆ ಹೋಗಿದ್ದ. ಶಿವಗಂಗಾಳ ಸಹಿ ಬಂದಿರಲಿಲ್ಲವಾದ್ದರಿಂದ ಅವನು ಪಾಸ್‌ಪೋರ್ಟನ್ನು ತನ್ನ ಕಪಾಟಿನಲ್ಲೇ ಇಟ್ಟು ಬೀಗ ಹಾಕಿದ್ದ. ಮಲಕಪ್ಪ ಅವನ ಕಚೇರಿಯ ಮೆಟ್ಟಿಲ ಮೇಲೆ ಕೂತ. ಬಾಳೆಹಣ್ಣು ತಿಂದ, ಅಲ್ಲೇ ತೂಕಡಿಸಿದ. ಏಜಂಟ್ ಬರುವವರೆಗೂ ಏಳಲಿಲ್ಲ. ವಾಪಸು ಬಂದವನು ಮನೆಗೆ ಹೋಗದೆ ನೇರವಾಗಿ ಹಾಸ್ಟೆಲಿನ ಗೇಟಿಗೆ ಬಂದು ನಿಂತ. ಗಡ್ಡ ಬೆಳೆದಿತ್ತು, ಅಂಗಿ ಮುದುಡಿ ಹೋಗಿತ್ತು.

“ಇದ್ದಂಗ ಅದ,” ಎಂದು ಪಾಸ್‌ಪೋರ್ಟ್ ಚಾಚಿದ.

ಅವಳು ಪುಟ ತೆರೆದು ತನ್ನ ಹೆಸರು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಗೇಟಿನಲ್ಲೇ ಅಪ್ಪಿಕೊಳ್ಳಬೇಕೆನ್ನಿಸಿತು. ಅಪ್ಪಿಕೊಳ್ಳಲಿಲ್ಲ.

“ಉಂಡೀರೇನು?” ಎಂದಳು.

“ಇಲ್ಲ.”

“ಹಂಗ ಆಗಬೇಕು ನಿಮಗ,” ಎಂದು ಒಳಗೆ ಹೋಗಿ ಅವನಿಗೆ ಊಟದ ಡಬ್ಬಿ ತಂದಳು.

ಹೊರಡುವ ದಿನ ರವಿವಾರ ಪೇಠೆಯ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ನೆರೆದರು. ರಿಕ್ಷಾ ಬಂದು ನಿಂತಿತ್ತು. ಮಲಕಪ್ಪ ಬ್ಯಾಗ್ ಹೆಗಲಿಗೇರಿಸಿ ಹೊಸ್ತಿಲಿಗೆ ಬಂದಾಗ ಹೆಂಗಸರು ಕೈ ಅಡ್ಡ ಹಿಡಿದರು.

“ಹಂಗ್ಹೆಂಗ ಹೋಗ್ತೀರಿ? ಹೇಂತಿ ಹೆಸರು ಒಡಪಿನಾಗ ಹೇಳ್ರಿ, ದಾರಿ ಬಿಡ್ತೀವಿ!”

ಗಂಡ ಹೆಂಡತಿ ಪದ ಕಟ್ಟಿ ಒಬ್ಬರ ಹೆಸರನ್ನೊಬ್ಬರು ಹೇಳುವುದು ಅವರಲ್ಲಿ ನಗೆಚಾಟಿಕೆಯ ಸಂಪ್ರದಾಯ. ಅಂದು ಅಲ್ಲಿ ಯಾರೂ ಪೂರ್ತಿ ನಗಲಿಲ್ಲ. ರಾಧಾಬಾಯಿ ಮೊಸರಿನ ಬಟ್ಟಲು ಹಿಡಿದು ಒಳಬಾಗಿಲಲ್ಲಿ ನಿಂತಿದ್ದರು. ಮಲಕಪ್ಪ ಅತ್ತೆಯನ್ನು ನೋಡಿದ. ಶಿವಗಂಗಾ ಅವನ ತುಟಿಯನ್ನೇ ನೋಡುತ್ತ ನಿಂತಳು. ಪಾಸ್‌ಪೋರ್ಟ್ ಕೈಗೆ ಬಂದಿತ್ತು ನಿಜ. ಈಗ ಇವನು ಆ ಇನ್ನೊಂದು ಹೆಸರು ಹೇಳಿದರೆ, ಟಿಕೆಟ್ಟಿಗಷ್ಟೇ ಶಿವಗಂಗಾ, ಬಾಳಿಗೆ ನೀರಜಾ ಎಂದು ಅರ್ಥ. ಹಾಗಾದರೆ ಒಬ್ಬಳೇ ಹೋಗುತ್ತೇನೆ, ಮರಳಿ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಅವಳು ನಿಂತಲ್ಲೇ ನಿಶ್ಚಯಿಸಿದಳು.

ಮಲಕಪ್ಪ ಗಂಟಲು ಸರಿಮಾಡಿಕೊಂಡ. ಅತ್ತೆಯನ್ನು ನೋಡುತ್ತಲೇ, ಓಣಿಗೆಲ್ಲ ಕೇಳುವಂತೆ ಹೇಳಿದ:

“ಅಕ್ಕಿ ಮ್ಯಾಲೆ ಸುಳ್ಳು ಬರದ ಹುಂಬ ನಾನು,
ಶಿವಗಂಗಾ ಇರುವಾಗ ಇನ್ನೊಂದು ಹೆಸರು ಬೇಕೇನು?”

ರಾಧಾಬಾಯಿ ಮೆಲ್ಲಗೆ ಮುಂದೆ ಬಂದರು. ಮಲಕಪ್ಪನ ಅಂಗೈಗೆ ಮೊಸರು ಹಾಕಿದರು. ಶಿವಗಂಗಾಳ ಅಂಗೈಗೆ ಒಂದು ಚಮಚ ಹೆಚ್ಚೇ ಹಾಕಿದರು.

“ಹೋಗಿ ಬಾರವ್ವಾ,” ಎಂದರು. ಆ ಹೆಸರೂ ಹಿಡಿಯಲಿಲ್ಲ, ಈ ಹೆಸರೂ ಹಿಡಿಯಲಿಲ್ಲ.

ಶಿವಗಂಗಾ ಬಗ್ಗಿ ಕಾಲು ಮುಟ್ಟಿದಳು. “ಹೋಗಿ ಬರ್ತೀನ್ರಿ, ಚನ್ನಬಸವ್ವತ್ತಿ,” ಎಂದಳು ಅವರೊಬ್ಬರಿಗೇ ಕೇಳುವಂತೆ. ರಾಧಾಬಾಯಿ ತಟ್ಟನೆ ಸೆರಗು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದರು.

“ಇನ್ನ ನಿನ್ನ ಪಾಳಿ!” ಎಂದು ಹೆಂಗಸರು ಶಿವಗಂಗಾಳನ್ನು ಸುತ್ತುವರಿದರು. “ನೀನೂ ಹೇಳು, ಇಲ್ಲಂದ್ರ ವಿಮಾನ ತಪ್ಪಿಸ್ತೀವಿ!”

ಅವಳು ಗಂಡನ ಕಡೆ ನೋಡಿದಳು. ಎರಡು ಬ್ಯಾಗು ಹೊತ್ತು, ಗಲ್ಲಕ್ಕೆ ಮೊಸರು ಹತ್ತಿಸಿಕೊಂಡು, ಹೆಸರು ಹೇಳಿದ್ದಾಯಿತು ಇನ್ನು ಎಲ್ಲ ಸರಿಯಾಯಿತು ಎಂಬಂತೆ ಹಲ್ಲು ಕಿರಿಯುತ್ತ ನಿಂತಿದ್ದ. ಅವಳ ಕಣ್ಣು ತುಂಬಿತು. ಹುಬ್ಬು ಮಾತ್ರ ಗಂಟು ಬಿಚ್ಚಲಿಲ್ಲ.

“ಗುಳೇದಗುಡ್ಡದ ಖಣ, ಇಳಕಲ್ಲ ಸೀರಿ,
ಮಲಕಪ್ಪನವರ ಮ್ಯಾಲಿನ ಸಿಟ್ಟು ಇನ್ನೂ ಇಳದಿಲ್ರಿ!”

ಓಣಿಗೆ ಓಣಿಯೇ ನಕ್ಕಿತು. ಅವಳು ಸೆರಗಿನ ತುದಿಯಿಂದ ಅವನ ಗಲ್ಲದ ಮೊಸರನ್ನು ಗಟ್ಟಿಯಾಗಿ, ಸ್ವಲ್ಪ ನೋಯುವಂತೆಯೇ ಒರೆಸಿದಳು. ಆಮೇಲೆ ಪಾಸ್‌ಪೋರ್ಟನ್ನು ತಾನೇ ಹಿಡಿದುಕೊಂಡು ಅವನಿಗಿಂತ ಮುಂಚೆ ರಿಕ್ಷಾ ಹತ್ತಿದಳು.