ಅಜ್ಜಿಯ ತುಟಿ ನೋಡಿ ಎತ್ತಿದ ಹಾಡು

ಸುಮಿತಾ ಬೆಂಚುಗಳ ನಡುವೆ ಟಕ್ ಟಕ್ ಎಂದು ಮುಂದೆ ನಡೆದಳು. ಅವಳ ಹೊಸ ಶೂಗಳ ಸದ್ದಿಗೇ ಫ್ಲೇವಿಯಾಗೆ ಮೈಯೆಲ್ಲ ಉರಿಯಿತು.

ಅದು ಫ್ಲೇವಿಯಾ ನಿಲ್ಲುವ ಜಾಗ. ಆ ಪುಟ್ಟ ಚರ್ಚಿನಲ್ಲಿ ಕೀಬೋರ್ಡ್ ಇಲ್ಲ, ಗಿಟಾರ್ ಇಲ್ಲ. ಒಬ್ಬರು ಮುಂದೆ ನಿಂತು ಹಾಡು ಎತ್ತಬೇಕು, ಆಮೇಲೆ ಎಲ್ಲರೂ ಕೂಡಿಕೊಳ್ಳುತ್ತಾರೆ. ಎರಡು ವರ್ಷದಿಂದ ಐದನೇ ಕ್ಲಾಸಿನ ಫ್ಲೇವಿಯಾಳೇ ಎತ್ತುತ್ತಿದ್ದಳು.

ಸುಮಿತಾ ದಾಂಡೇಲಿಯ ಹಾಸ್ಟೆಲಿನಿಂದ ಬಂದು ಇನ್ನೂ ತಿಂಗಳಾಗಿಲ್ಲ. ಅಲ್ಲಿ ಸಂಗೀತ ಕಲಿತಿದ್ದಾಳಂತೆ, ಸ್ಪರ್ಧೆಯಲ್ಲಿ ಕಪ್ ಗೆದ್ದಿದ್ದಾಳಂತೆ. ಹತ್ತಿರದ ರಾಮನಗರದಿಂದ ಬೈಕಿನಲ್ಲಿ ಬರುವ ಫಾದರ್ ರೊಜಾರಿಯೊ ಹೋದ ವಾರ ಅವಳ ದನಿ ಕೇಳಿದ್ದೇ ತಡ, ಮುಂದಿನ ಭಾನುವಾರ ಸುಮಿತಾ ಹಾಡು ಎತ್ತಲಿ ಎಂದುಬಿಟ್ಟರು. ವಾರವಿಡೀ ಫ್ಲೇವಿಯಾ ಮುಖ ಊದಿಸಿಕೊಂಡು ಓಡಾಡಿದಳು. ಇವತ್ತು ಬಾಯಿ ತೆರೆಯುವುದೇ ಇಲ್ಲ ಎಂದು ಹಟ ಹಿಡಿದು ನಿಂತಿದ್ದಳು.

ಸುಮಿತಾ ಹಾಡು ಎತ್ತಿದಳು. ದನಿ ಚೆನ್ನಾಗಿತ್ತು, ಫ್ಲೇವಿಯಾಳ ಹೊಟ್ಟೆಯುರಿಗೆ ಅದೇ ಕಾರಣ. ಆದರೆ ಆ ದನಿ ಮೇಲೇರಿತು, ಇನ್ನೂ ಮೇಲೇರಿತು. ಎರಡನೇ ಸಾಲಿಗೆ ಗಂಡಸರು ಹಾಡುವುದನ್ನು ಬಿಟ್ಟರು. ಮೂರನೇ ಸಾಲಿಗೆ ಹೆಂಗಸರೂ ಸುಮ್ಮನಾದರು. ಒಬ್ಬಳೇ ಹಾಡುತ್ತಿದ್ದ ಸುಮಿತಾ ಪುಸ್ತಕದಿಂದ ತಲೆಯೆತ್ತಿ ಬೆಂಚುಗಳ ಕಡೆ ನೋಡಿದಳು.

ಹಂಗ ಆಗಬೇಕು ಅಕಿಗೆ, ಎಂದುಕೊಂಡಳು ಫ್ಲೇವಿಯಾ. ನಗು ತಡೆಯಲಾಗದೆ ಪಕ್ಕಕ್ಕೆ ತಿರುಗಿದಳು.

ಪಕ್ಕದಲ್ಲಿ ಅವಳ ಅಜ್ಜಿ ಮಾಗ್ದಲೀನಾ ನಿಂತಿದ್ದಳು. ಅಜ್ಜಿಗೆ ಓದಲು ಬರುವುದಿಲ್ಲ, ಹಾಡುಗಳೆಲ್ಲ ಬಾಯಿಪಾಠ. ಮಂಡಿ ನೋವಿದ್ದರೂ ಪ್ರತಿ ಭಾನುವಾರ ಕಾಡಿನ ದಾರಿ ಹಿಡಿದು ನಡೆದು ಬರುವುದು ಹಾಡಲಿಕ್ಕೇ. ಈಗ ಅಜ್ಜಿ ಬಾಯಿ ತೆರೆದಳು. ದನಿ ಅಷ್ಟು ಮೇಲಕ್ಕೆ ಹೋಗಲಿಲ್ಲ. ಕೆಮ್ಮಿ ಮತ್ತೊಮ್ಮೆ ಹಾಡಿ ನೋಡಿದಳು. ಕೊನೆಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು.

ಫ್ಲೇವಿಯಾಳ ನಗು ಇಳಿದುಹೋಯಿತು.

ಎರಡನೇ ಚರಣವನ್ನು ಅವಳು ನಿಂತಲ್ಲಿಂದಲೇ ಎತ್ತಿದಳು, ತಗ್ಗಿದ ದನಿಯಲ್ಲಿ. ಅಜ್ಜಿ ಸೆರಗು ಸರಿಸಿ ಕೂಡಿಕೊಂಡಳು. ಹಿಂದಿನಿಂದ ಗಂಡಸರ ದನಿಯೂ ಬಂತು. ಸುಮಿತಾ ತಾನೂ ದನಿ ಇಳಿಸಿ ಅವರ ಜೊತೆ ಸೇರಿದಳು.

ಇನ್ನೇನು ತನ್ನ ಜಾಗ ತನಗೇ ಎಂದುಕೊಂಡಿದ್ದಳು ಫ್ಲೇವಿಯಾ. ಆದರೆ ಪೂಜೆ ಮುಗಿದ ಮೇಲೆ ಫಾದರ್, ಮುಂದಿನ ವಾರವೂ ಸುಮಿತಾಳೇ ಎತ್ತಲಿ, ಕಲಿಯುತ್ತಾಳೆ ಎಂದರು. ಫ್ಲೇವಿಯಾಗೆ ಅಳುವೇ ಬಂತು.

ಅಂಗಳದಲ್ಲಿ ಸುಮಿತಾ ಅವಳನ್ನು ತಡೆದು ನಿಲ್ಲಿಸಿದಳು. ಅವಳ ಕಣ್ಣೂ ಕೆಂಪಾಗಿತ್ತು.

"ಎಷ್ಟ ತಗ್ಗಿಸಬೇಕಂತ ನಿನಗ ಹೆಂಗ ಗೊತ್ತಾಗತೈತಿ?"

ಅದು ಫ್ಲೇವಿಯಾಳ ಗುಟ್ಟು. ಅಜ್ಜಿಗೂ ಹೇಳಿರಲಿಲ್ಲ. ಗೊತ್ತಿಲ್ಲ ಎಂದುಬಿಟ್ಟರೆ ಸುಮಿತಾ ಮತ್ತೆ ತಪ್ಪುತ್ತಾಳೆ, ಜಾಗ ವಾಪಸ್ ಸಿಗುತ್ತದೆ. ಫ್ಲೇವಿಯಾ ಚಪ್ಪಲಿಯಿಂದ ಮಣ್ಣು ಕೆದರಿದಳು. ಅಷ್ಟರಲ್ಲಿ ಅಜ್ಜಿ ಮೆಟ್ಟಿಲು ಇಳಿಯುತ್ತ, ಈಗಷ್ಟೇ ಹಾಡಿದ ಹಾಡನ್ನು ಗುನುಗುತ್ತ ಬಂದಳು.

"ಮೊದಲ ಮೆಲ್ಲಕ ಗುನುಗು," ಎಂದಳು ಫ್ಲೇವಿಯಾ. "ನಮ್ಮ ಅಜ್ಜಿ ತುಟಿ ನೋಡು. ತುಟಿ ಅಲ್ಲಾಡಲಿಲ್ಲಂದ್ರ ಇನ್ನಷ್ಟ ತಗ್ಗಿಸು, ಅಲ್ಲಾಡಿದ್ರ ಜೋರ್ ಎತ್ತು."

ಮುಂದಿನ ಭಾನುವಾರ ಸುಮಿತಾ ಮುಂದೆ ನಿಂತು ಮೆಲ್ಲಗೆ ಗುನುಗಿದಳು. ಅವಳ ಕಣ್ಣು ಮೂರನೇ ಬೆಂಚಿನಲ್ಲಿ ಅಜ್ಜಿಯನ್ನು ಹುಡುಕಿತು. ಫ್ಲೇವಿಯಾಳ ಹೊಟ್ಟೆಯೊಳಗೆ ಉರಿ ಇನ್ನೂ ಇತ್ತು. ಆದರೂ ಸುಮಿತಾಗೆ ಅಜ್ಜಿಯ ತುಟಿ ಚೆನ್ನಾಗಿ ಕಾಣಲೆಂದು ತಾನು ಒಂದು ಹೆಜ್ಜೆ ಬದಿಗೆ ಸರಿದು ನಿಂತಳು.