ಕೊನೆಯ ಪುಟದ ಸಾಕ್ಷಿ

ಯಂತ್ರ ಮೂರನೇ ಸಲವೂ ಕೀಂಯ್ ಎಂದಿತು.

"ತೊಂದರೆ ನಿಮ್ಮ ಬೆರಳಿನದ್ದಲ್ಲ ಅಕ್ಕ," ಎಂದ ಶಶಿಕುಮಾರ್. ಪಾಲಿಬೆಟ್ಟದ ನ್ಯಾಯಬೆಲೆ ಅಂಗಡಿ ಅವನದು. ಯಂತ್ರದ ಪುಟ್ಟ ಪರದೆಯನ್ನು ಕವನಾಳ ಕಡೆಗೆ ತಿರುಗಿಸಿದ. "ಕಾರ್ಡೇ ರದ್ದಾಗಿದೆ."

"ರದ್ದಾ? ಯಾರು ಮಾಡಿದ್ದು?"

"ನನಗೇನು ಗೊತ್ತು? 'ಆದಾಯ ಮಿತಿ ಮೀರಿದೆ' ಅಂತ ತೋರಿಸ್ತಿದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಡೈವೋರ್ಸಿನ ಗಂಟು ಬಂತಲ್ಲ, ಇನ್ನೆಲ್ಲಿಯ ಬಿಪಿಎಲ್ಲು?"

ಕವನಾ ಖಾಲಿ ಚೀಲ ಮಡಚಿಕೊಂಡು ಹೊರಬಂದಳು. ಮುಖ ಸುಡುತ್ತಿತ್ತು. ಆದರೆ ಅವಳನ್ನು ನಡುಗಿಸಿದ್ದು ಆ ನಗುವೂ ಅಲ್ಲ, ಕೈತಪ್ಪಿದ ಅಕ್ಕಿಯೂ ಅಲ್ಲ. ಹದಿಮೂರು ವರ್ಷದ ಮಗಳು ಹರ್ಷಿತಾಳ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತ ಹೋಗುತ್ತಿತ್ತು. ಹೀಗೇ ಬಿಟ್ಟರೆ ಉಸಿರಾಟಕ್ಕೇ ಕುತ್ತು ಎಂದಿದ್ದರು ಮೈಸೂರಿನ ಡಾಕ್ಟರು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು — ಇನ್ನು ಹತ್ತೊಂಬತ್ತು ದಿನ. ಖರ್ಚನ್ನೆಲ್ಲ ಸರ್ಕಾರದ ಯೋಜನೆಯೇ ನೋಡಿಕೊಳ್ಳುತ್ತದೆ, ಬಿಪಿಎಲ್ ಕಾರ್ಡು ತನ್ನಿ, ಅಷ್ಟು ಸಾಕು ಎಂದಿದ್ದರು.

ಆ ಕಾರ್ಡೇ ಈಗ ಇಲ್ಲ!

*

ವಿರಾಜಪೇಟೆಯ ತಾಲ್ಲೂಕು ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ, ಒಂದು ಮೇಜು ಹಾಕಿಕೊಂಡು ಪುಟ್ಟರಾಜು ಅರ್ಜಿ ಬರೆಯುತ್ತಿದ್ದ. ಕುಶಾಲನಗರದ ಕಡೆಯವನು. ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಹನ್ನೊಂದು ವರ್ಷ ಗಡಿ ದಾಟುವ ಲಾರಿಗಳ ಕಾಗದ ನೋಡಿ ನೋಡಿ, ಕಾಗದ ಕೈಗೆ ಬಂದರೆ ಮೊದಲ ಅಕ್ಷರದಿಂದ ಕೊನೆಯ ಮೊಹರಿನವರೆಗೆ ಓದದೆ ಬಿಡುವವನಲ್ಲ. ಯಾರಿಗೂ ಬಗೆಹರಿಯದ ತಕರಾರುಗಳು ಅವನ ಮೇಜಿಗೆ ಬರುತ್ತಿದ್ದುದು ಅದಕ್ಕೇ.

"ಕೂತ್ಕಳಿ ತಾಯಿ. ಮೊದಲು ಅಳೋದು ನಿಲ್ಲಿಸಿ. ಮೈಸೂರಿಗೆ ಹೋಗೋಕೆ ಎಷ್ಟು ದಿನ ಇದೆ?"

"ಹದಿನೆಂಟು."

"ಸಾಕು. ಗಂಡನ ಕಡೆಯಿಂದ ಏನು ಬಂತು?"

"ನಾಲ್ಕು ಲಕ್ಷ. ಮೂರು ವರ್ಷದ ಹಿಂದೆ, ಮಡಿಕೇರಿ ಕೋರ್ಟಿನಲ್ಲಿ ರಾಜಿಯಾದಾಗ."

"ತಿಂಗಳು ತಿಂಗಳು ಜೀವನಾಂಶ?"

"ಇಲ್ಲ. ಒಂದೇ ಸಲಕ್ಕೆ ಮುಗಿಯಿತು."

"ಅದರಲ್ಲಿ ಉಳಿದಿರೋದು?"

ಕವನಾ ತಲೆ ತಗ್ಗಿಸಿದಳು. ಬಾಡಿಗೆ ಮನೆಯ ಮುಂಗಡ, ಹೊಲಿಗೆ ಯಂತ್ರ, ವಕೀಲರ ಫೀಸು, ಮಗಳ ಸ್ಕ್ಯಾನಿಂಗುಗಳು. "ಒಂಬತ್ತು ಸಾವಿರ."

"ಸಂಪಾದನೆ?"

"ಬ್ಲೌಸು, ಸ್ಕೂಲ್ ಯೂನಿಫಾರ್ಮು ಹೊಲೀತೇನೆ. ತಿಂಗಳಿಗೆ ಏಳು ಸಾವಿರ."

"ನಿಮ್ಮ ಮೇಲೆ ಹಗೆ ಇರೋರು ಯಾರು?"

ಇಬ್ಬರ ಹೆಸರು ಹೇಳಿದಳು. ಒಬ್ಬ ಶಶಿಕುಮಾರ್ — ತೂಕ ಕಡಿಮೆ ಎಂದು ಕಳೆದ ಯುಗಾದಿಯ ಹೊತ್ತಿಗೆ ಎಲ್ಲರೆದುರು ಜಗಳವಾಡಿದ್ದಳು. ಇನ್ನೊಬ್ಬ ಹಿಂದಿನ ಗಂಡ ತೀರ್ಥಪ್ರಸಾದ್. "ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದ, 'ನೀನು ಬೀದಿಗೆ ಬೀಳೋದನ್ನ ನೋಡ್ತೀನಿ' ಅಂತ."

ಪುಟ್ಟರಾಜು ಕನ್ನಡಕ ಒರೆಸಿಕೊಂಡ. "ರಾಜಿ ಪತ್ರದ ನಕಲು ನನಗೆ ಕೊಡಿ, ನಿಮ್ಮ ಪಾಸ್‌ಬುಕ್ಕು ಹಿಡ್ಕೊಂಡು ಬನ್ನಿ ನನ್ನ ಜೊತೆ."

*

ಕಚೇರಿಯ ಆಹಾರ ಶಾಖೆಯಲ್ಲಿ ಶ್ವೇತ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು.

"ದೂರು ಕೊಟ್ಟಿದ್ದು ಯಾರಮ್ಮ?" ಎಂದ ಪುಟ್ಟರಾಜು.

"ದೂರೇ ಇಲ್ಲ ಸರ್."

"ಶಶಿಕುಮಾರ್ ಏನಾದ್ರೂ ಬರೆದು ಕಳಿಸಿದ್ನಾ?"

"ಯಾರೂ ಇಲ್ಲ. ಪ್ಯಾನ್ ನಂಬರ್ ತಾಳೆ ನೋಡಿದಾಗ ಸಿಕ್ಕಿದ್ದು ಇದು. ಇವರ ಪ್ಯಾನಿಗೆ ಕಳೆದ ವರ್ಷ ನಲವತ್ಮೂರು ಸಾವಿರ ಬ್ಯಾಂಕ್ ಬಡ್ಡಿ ಬಂದಿದೆ. ಹೊಲಿಗೆಯಿಂದ ಎಂಬತ್ನಾಲ್ಕು ಸಾವಿರ ಅಂತ ಇವರೇ ಬರೆದುಕೊಟ್ಟಿದ್ದಾರೆ. ಕೂಡಿಸಿದರೆ ಒಂದು ಲಕ್ಷ ಇಪ್ಪತ್ತು ಸಾವಿರದ ಮಿತಿ ದಾಟ್ತದೆ."

"ಡೈವೋರ್ಸಿನ ನಾಲ್ಕು ಲಕ್ಷ?"

"ಅದು ಈ ಲೆಕ್ಕದಲ್ಲೇ ಇಲ್ಲ ಸರ್. ಒಂದು ಸಲ ಬಂದು ಖರ್ಚಾಗಿ ಹೋದದ್ದು. ತಿಂಗಳ ಜೀವನಾಂಶ ಆಗಿದ್ದರೆ ಕೂಡಿಸ್ತಿದ್ದೆವು. ತೊಂದರೆ ಬಡ್ಡಿಯದು."

"ಬಡ್ಡಿ?" ಕವನಾಳ ದನಿ ಏರಿತು. ಪಾಸ್‌ಬುಕ್ಕು ಬಿಚ್ಚಿ ತೋರಿಸಿದಳು. ವರ್ಷವಿಡೀ ಬಂದ ಬಡ್ಡಿ ಇನ್ನೂರ ಹನ್ನೆರಡು ರೂಪಾಯಿ. "ನಲವತ್ಮೂರು ಸಾವಿರ ನಾನು ಕಣ್ಣಲ್ಲೂ ಕಂಡಿಲ್ಲ ಮೇಡಂ!"

ಶ್ವೇತ ಮರುಕದಿಂದ ನೋಡಿದಳು. "ಹಾಗಾದರೆ ನಿಮ್ಮ ಪ್ಯಾನಿನ ಮೇಲೆ ಬೇರೆ ಯಾರೋ ದುಡ್ಡು ಇಟ್ಟಿರಬೇಕು."

ಹೊರಗೆ ಬಂದದ್ದೇ ಕವನಾ ಕಂಬಕ್ಕೆ ಒರಗಿದಳು. "ತೀರ್ಥನೇ ಸರ್. ಕೋರ್ಟಿನ ಕಾಗದದ ಜೊತೆ ನನ್ನ ಪ್ಯಾನ್ ಜೆರಾಕ್ಸೂ ಅವನ ಕೈಗೆ ಹೋಗಿತ್ತು. ತನ್ನ ದುಡ್ಡು ಮುಚ್ಚಿಡೋಕೆ ನನ್ನ ಹೆಸರು!"

"ಇರಬಹುದು," ಎಂದ ಪುಟ್ಟರಾಜು. ಅಷ್ಟೇ.

*

ಬಾಳೆಲೆಯ ಬಸ್ ನಿಲ್ದಾಣದ ಪಕ್ಕ ತೀರ್ಥಪ್ರಸಾದ್ ಪಿಕಪ್ ಗಾಡಿಗೆ ಶುಂಠಿ ಮೂಟೆ ಏರಿಸುತ್ತಿದ್ದ. ಮೂರು ವರ್ಷದ ಮೇಲೆ ಅವನನ್ನು ಕಂಡಾಗ ಕವನಾಳ ಕಾಲು ತಾನಾಗಿಯೇ ಹಿಂದೆ ಸರಿಯಿತು. ಪುಟ್ಟರಾಜು ಅವಳ ಮುಂದೆ ನಿಂತ.

"ಕವನಮ್ಮನ ಪ್ಯಾನ್ ಮೇಲೆ ಠೇವಣಿ ಇಟ್ಟಿದ್ದೀರಾ?"

"ಯಾರು ನೀವು? ಪೊಲೀಸಾ?"

"ಹಿಂದೆ ಆಗಿದ್ದೆ. ಇಟ್ಟಿದ್ದೀರೋ ಇಲ್ಲವೋ?"

ತೀರ್ಥಪ್ರಸಾದ್ ಜೋರಾಗಿ ನಕ್ಕ. "ಠೇವಣಿಯಾ? ಈ ಗಾಡಿಯ ಕಂತು ಎರಡು ತಿಂಗಳಿಂದ ಬಾಕಿ. ಅವಳಿಗೆ ನಾಲ್ಕು ಲಕ್ಷ ಎಣಿಸಿ ಕೈ ತೊಳ್ಕೊಂಡಿದ್ದೇನೆ. ದುಡ್ಡಿದ್ದರೆ ಶುಂಠಿ ಹೊರ್ತಿದ್ನಾ?"

"ತೋಟದ ಆದಾಯ?"

"ತೋಟ ಅಪ್ಪನದು. ಮೆಣಸಿನ ದುಡ್ಡು ಏನು ಮಾಡ್ತಾರೋ, ಮನೆಯ ಒಡೆದ ಹೆಂಚು ಕೂಡ ಬದಲಾಯಿಸಿಲ್ಲ. ಕೇಳೋಣ ಅಂದರೆ ಕೋರ್ಟಿನ ದಿನದಿಂದ ನನ್ನ ಹತ್ರ ಮಾತೇ ಬಿಟ್ಟಿದ್ದಾರೆ." ಮೂಟೆಯೊಂದನ್ನು ಎತ್ತಿ ಗಾಡಿಗೆ ಎಸೆದ. "ಮುಗೀತಾ ವಿಚಾರಣೆ?"

ಕಂತು ಕಟ್ಟಿಲ್ಲವೆಂದು ಫೈನಾನ್ಸಿನವರು ಕಳಿಸಿದ ನೋಟಿಸು ಗಾಡಿಯ ಗಾಜಿನ ಹಿಂದೆ ಬಿದ್ದಿತ್ತು. ಪುಟ್ಟರಾಜು ಅದನ್ನೂ ಓದಿದ.

ಹಿಂತಿರುಗುವಾಗ ಬಸ್ಸಿನಲ್ಲಿ ಅವನು ರಾಜಿ ಪತ್ರ ಬಿಚ್ಚಿದ. ಒಂದು ಪುಟ, ಎರಡು ಪುಟ, ಕೊನೆಯ ಪುಟ. ಕೊನೆಯ ಪುಟದ ಮೇಲೆ ಅವನ ಬೆರಳು ಬಹಳ ಹೊತ್ತು ನಿಂತಿತು.

"ಇದನ್ನ ಯಾವತ್ತಾದ್ರೂ ಪೂರ್ತಿ ಓದಿದ್ದೀರಾ ತಾಯಿ?"

"ದುಡ್ಡು ಬರೆದ ಪುಟ ಓದಿದ್ದೆ. ಮಗಳು ನನ್ನ ಜೊತೆ ಇರ್ತಾಳೆ ಅನ್ನೋ ಪುಟ ನೂರು ಸಲ ಓದಿದ್ದೆ."

"ಸಾಕ್ಷಿ ಯಾರು ಅಂತ?"

"ಇಲ್ಲ... ಆಗ ಕಣ್ಣು ಮಂಜಾಗಿತ್ತು. ತೋರಿಸಿದ ಕಡೆ ಸಹಿ ಹಾಕಿದ್ದೆ."

"ಇನ್ನೊಂದು ಮಾತು ಕೇಳ್ತೀನಿ. ಎಲ್ಲರೂ ನಿಮ್ಮ ಖಾತೆ ಕೇಳಿದ್ರು. ಮಗಳ ಹೆಸರಲ್ಲಿ ಖಾತೆ ಇದೆಯಾ?"

ಕವನಾ ತಡವರಿಸಿದಳು. "ಇತ್ತು. ಅವಳು ಹುಟ್ಟಿದ ವರ್ಷ ಮಾವ ಐನೂರು ರೂಪಾಯಿ ಹಾಕಿ ಮಾಡಿಸಿದ್ದರು. ಪೋಷಕಿ ಅಂತ ನನ್ನ ಸಹಿ. ಪಾಸ್‌ಬುಕ್ಕು ಆ ಮನೆಯಲ್ಲೇ ಉಳಿಯಿತು. ಅದು ನೆನಪೇ ಇರಲಿಲ್ಲ."

"ಡೈವೋರ್ಸಿನ ಚೆಕ್ಕು ಹಾಕಿದ್ದು ಯಾವ ಬ್ಯಾಂಕಿಗೆ?"

"ಅದೇ ಬ್ಯಾಂಕು. ಆಗಲೇ ನನ್ನ ಪ್ಯಾನ್ ಕೇಳಿ ತಗೊಂಡರು."

ಪುಟ್ಟರಾಜು ಪತ್ರ ಮಡಚಿ ಜೇಬಿಗಿಟ್ಟ. "ನಾಳೆ ಬೆಳಿಗ್ಗೆ ಮೊದಲ ಬಸ್ಸು. ಆ ಮನೆಗೆ ಹೋಗೋಣ."

"ಅಲ್ಲಿಗೆ ಬೇಡ ಸರ್! ಯಾವ ಮುಖ ಇಟ್ಕೊಂಡು ಹೋಗಲಿ?"

"ಹೋಗಲೇಬೇಕು. ಕಾರ್ಡು ರದ್ದಾಗೋಕೆ ಕಾರಣ ಆದವರು ಅಲ್ಲಿದ್ದಾರೆ."

*

ಭಾಗಮಂಡಲದ ಆಚೆ, ರಸ್ತೆಯಿಂದ ಇಳಿದು ಅರ್ಧ ಮೈಲಿ. ಮೆಣಸಿನ ಬಳ್ಳಿ ಹಬ್ಬಿದ ಮರಗಳ ನಡುವೆ ಹೆಂಚಿನ ಮನೆ. ಎಪ್ಪತ್ತೆರಡರ ಮಾವ ಮಾಯಿಲಪ್ಪ ಅಂಗಳದಲ್ಲಿ ಹಾರೆ ಹಿಡಿದು ನೆಲ ಅಗೆಯುತ್ತಿದ್ದವರು ಅವಳನ್ನು ಕಂಡು ನೆಟ್ಟಗಾದರು.

"ಕವನಾ? ನೀನಾ ಮಗಳೇ?" ಮೊಮ್ಮಗಳು ಎಲ್ಲಿದ್ದಾಳೆಂದು ತಮ್ಮ ಅರೆಭಾಷೆಯಲ್ಲಿ ಒಂದೇ ಉಸಿರಿಗೆ ಕೇಳಿದರು, "ಕೂಸು ಎಲ್ಲಿ ಉಟ್ಟು?"

ಕವನಾ ಅಂಗಳದ ಅಂಚಿನಲ್ಲೇ ನಿಂತಳು. ಪುಟ್ಟರಾಜು ನಮಸ್ಕರಿಸಿ ತನ್ನ ಪರಿಚಯ ಹೇಳಿದ. ಕಾರ್ಡು ರದ್ದಾದದ್ದನ್ನು ಹೇಳಿದ. ನಲವತ್ಮೂರು ಸಾವಿರ ಬಡ್ಡಿಯ ವಿಷಯ ಬಂದಾಗ ಮುದುಕರ ಕೈಯ ಹಾರೆ ಮೆಲ್ಲನೆ ನೆಲಕ್ಕೊರಗಿತು.

"ಕೂತು ಮಾತಾಡುವ," ಎಂದರು.

ಜಗಲಿಯಲ್ಲಿ ಕೂತ ಮೇಲೆ ಪುಟ್ಟರಾಜು ರಾಜಿ ಪತ್ರದ ಕೊನೆಯ ಪುಟ ಬಿಚ್ಚಿ ಕವನಾಳ ಮುಂದಿಟ್ಟ.

"ಓದಿ ತಾಯಿ. 'ಹೆಂಡತಿಯ ಪರ ಸಾಕ್ಷಿ' — ಯಾರ ಸಹಿ ಇದೆ?"

ಕವನಾ ಬಗ್ಗಿ ನೋಡಿದಳು. ನಡುಗುವ ಅಕ್ಷರ. ಮಾಯಿಲಪ್ಪ.

"ಮಾವ... ನನ್ನ ಕಡೆಗಾ?"

"ಇದೇ ನನ್ನನ್ನ ಹಿಡಿದು ನಿಲ್ಲಿಸಿದ್ದು," ಎಂದ ಪುಟ್ಟರಾಜು. "ಎಲ್ಲರೂ ದುಡ್ಡಿನ ಪುಟ ನೋಡಿದರು, ಸಾಕ್ಷಿ ಪುಟ ಯಾರೂ ನೋಡಲಿಲ್ಲ. ಮಗನ ಡೈವೋರ್ಸಿನಲ್ಲಿ ಅಪ್ಪ ಸೊಸೆಯ ಪರ ಸಹಿ ಹಾಕ್ತಾರೆ ಅಂದರೆ ಅವರ ಮನಸ್ಸು ಯಾವ ಕಡೆ ಇತ್ತು? ಆ ದಿನದಿಂದ ಮಗನ ಹತ್ರ ಮಾತಿಲ್ಲ. ಮೂರು ಬೆಳೆ ಮೆಣಸು ಮಾರಿದ್ದಾರೆ, ಹೆಂಚು ಹಾಕಿಸಿಲ್ಲ. ದುಡ್ಡು ಎಲ್ಲಿಗೆ ಹೋಯ್ತು? ನಿಮ್ಮ ಖಾತೆಗೆ ಬಂದಿಲ್ಲ. ಆದರೆ ಮಗುವಿನ ಖಾತೆಗೆ ಯಾರು ಬೇಕಾದ್ರೂ ದುಡ್ಡು ಕಟ್ಟಬಹುದು, ಅದಕ್ಕೆ ನಿಮ್ಮ ಸಹಿ ಬೇಡ. ಪೋಷಕಿ ನೀವು. ಹಾಗಾಗಿ ಮಗುವಿನ ದುಡ್ಡಿನ ಬಡ್ಡಿ ನಿಮ್ಮ ಪ್ಯಾನಿಗೆ ಬಂದು ಕೂತಿತು." ಅವನು ಮುದುಕರ ಕಡೆ ತಿರುಗಿದ. "ಕಾರ್ಡು ರದ್ದಾಗೋಕೆ ಕಾರಣ ನೀವು ಮಾಯಿಲಪ್ಪನವರೇ. ಹೌದೋ ಅಲ್ಲವೋ?"

ಮಾಯಿಲಪ್ಪ ಎದ್ದರು. ಒಳಗೆ ಹೋಗಿ ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಅದರೊಳಗೆ ಪಾಸ್‌ಬುಕ್ಕು. ಹರ್ಷಿತಾಳ ಹೆಸರು. ಕಟ್ಟಿದ್ದೆಲ್ಲ ತಾನಾಗಿ ಠೇವಣಿಯಾಗುವ ಖಾತೆ, ಆರು ಲಕ್ಷ ಇಪ್ಪತ್ತು ಸಾವಿರ.

"ನನ್ನ ಮಗ ಕೊಟ್ಟದ್ದು ಕಡಿಮೆ ಅಂತ ನನಗೆ ಗೊತ್ತಿತ್ತು," ಎಂದರು. "ಸಹಿ ಹಾಕಿದೆ, ಆದರೆ ಜಡ್ಜರ ಮುಂದೆ ಬಾಯಿ ಬಿಡಲಿಲ್ಲ. ಆ ನಾಚಿಕೆ ಉಂಟಲ್ಲ, ಅದು ಊಟ ಮಾಡಲಿಕ್ಕೆ ಬಿಡ್ತಿರಲಿಲ್ಲ. ನಿನಗೆ ಕೊಟ್ಟರೆ ನೀನು ಮುಟ್ಟುವವಳಲ್ಲ. ತೀರ್ಥನಿಗೆ ಗೊತ್ತಾದರೆ ಅವ ಬಿಡುವವನಲ್ಲ. ಅದಕ್ಕೆ ಕೂಸಿನ ಹೆಸರಿಗೆ ಕಟ್ಟಿದೆ. ಹದಿನೆಂಟು ತುಂಬಿದ ಮೇಲೆ ತಿಳಿಯಲಿ ಅಂತ." ಅವಳ ಕಡೆ ತಿರುಗಿದರು. "ನಾನು ಕೊಟ್ಟದ್ದೇ ನಿಮ್ಮ ಅನ್ನ ಕಿತ್ತುಕೊಂಡಿತಾ ಮಗಳೇ?"

"ಅನ್ನ ಅಲ್ಲ ಮಾವ..." ಕವನಾ ಅಲ್ಲಿಯೇ ಕುಸಿದು ಕೂತಳು. ಆ ಮನೆಯವರಿಗೆ ತಿಳಿಯದಿರಲಿ ಎಂದು ಎರಡು ವರ್ಷದಿಂದ ಬಚ್ಚಿಟ್ಟಿದ್ದನ್ನೆಲ್ಲ ಹೇಳಿದಳು. ಬಾಗಿದ ಬೆನ್ನು, ರಾತ್ರಿಯ ನೋವು, ಮೈಸೂರಿನ ತಾರೀಖು.

ಮಾಯಿಲಪ್ಪ ಪಾಸ್‌ಬುಕ್ಕನ್ನು ಅವಳ ಮಡಿಲಿಗಿಟ್ಟರು. "ಹಾಗಾದರೆ ಹದಿನೆಂಟು ತುಂಬುವವರೆಗೆ ಕಾಯುವುದು ಎಂಥಕೆ?"

ಕವನಾ ಅವರ ಮಣ್ಣುಮೆತ್ತಿದ ಪಾದದ ಮೇಲೆ ಹಣೆ ಇಟ್ಟಳು. ಮೂರು ವರ್ಷ ಲೋಕದಲ್ಲಿ ತನ್ನವರು ಯಾರೂ ಇಲ್ಲವೆಂದುಕೊಂಡು ಹೊಲಿಗೆಯ ಪೆಡಲು ತುಳಿದಿದ್ದಳು. ಅಷ್ಟೂ ದಿನ ಈ ಮನುಷ್ಯ ಸೋರುವ ಸೂರಿನಡಿ ಕೂತು ಅವಳ ಮಗಳಿಗಾಗಿ ಕೂಡಿಡುತ್ತಿದ್ದರು. ಅವಳು ಅತ್ತಳು, ಆದರೆ ಆ ಅಳುವಿನಲ್ಲಿ ಎದೆ ಹಗುರಾಗುತ್ತಿತ್ತು.

"ಕಾರ್ಡಿಗೆ ಅರ್ಜಿ ಬರೀತೀರಾ ಸರ್?" ಎಂದಳು ಕೊನೆಗೆ, ಕಣ್ಣೊರೆಸಿಕೊಂಡು.

"ಹಳೇ ಕಾರ್ಡು ವಾಪಸ್ ಕೊಡಿ ಅಂತ ಬರೆಯಲ್ಲ," ಎಂದ ಪುಟ್ಟರಾಜು. "ಆಫೀಸಿನವರದ್ದು ತಪ್ಪಿಲ್ಲ. ಮನೆಯಲ್ಲಿ ಆ ಆದಾಯ ನಿಜವಾಗಿಯೂ ಇದೆ. ಎಪಿಎಲ್ ಕಾರ್ಡು ಮಾಡಿಸೋಣ, ಆಪರೇಷನ್ನಿಗೆ ಸ್ವಲ್ಪ ಭಾಗ ಅದರಲ್ಲಿ ಸಿಗುತ್ತೆ. ಉಳಿದದ್ದು ಮಗುವಿನ ದುಡ್ಡು ಮಗುವಿಗೇ. ಅದು ಖರ್ಚಾದ ಮೇಲೆ ಬಡ್ಡಿನೂ ಇಳಿಯುತ್ತೆ. ಆಗ ಹೊಸ ಆದಾಯ ಪ್ರಮಾಣಪತ್ರ ಹಿಡ್ಕೊಂಡು ಬನ್ನಿ, ಬಿಪಿಎಲ್‌ಗೆ ಅರ್ಜಿ ನಾನೇ ಬರೀತೀನಿ."

"ನಿಮ್ಮ ಫೀಸು?"

"ಈ ಮನೆಯ ಕಾಫಿ ಇನ್ನೂ ಬಂದಿಲ್ಲವಲ್ಲ."

ಮಾಯಿಲಪ್ಪ ಧಡಕ್ಕನೆ ಎದ್ದು ಒಳಗೆ ಹೋದರು.

*

ಆಪರೇಷನ್ ಹೇಳಿದ ದಿನವೇ ಆಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಆರು ಗಂಟೆ ಕಾಲ ಮಾವ ಸೊಸೆ ಅಕ್ಕಪಕ್ಕ ಕೂತಿದ್ದರು. ಆಗೊಮ್ಮೆ ಈಗೊಮ್ಮೆ ಮುದುಕರು ಎದ್ದು ಆ ತುದಿಯವರೆಗೆ ಹೋಗಿ ಬರುತ್ತಿದ್ದರು. ಡಾಕ್ಟರು ಹೊರಬಂದು ನಕ್ಕಾಗ ಕವನಾ ಮೊದಲು ಹಿಡಿದದ್ದು ಮಾವನ ಕೈಯನ್ನು.

ಮಳೆಗಾಲ ಮುಗಿದು ಹರ್ಷಿತಾ ಶಾಲೆಗೆ ಹೊರಡುವ ಹಿಂದಿನ ದಿನ ಮಾಯಿಲಪ್ಪ ಪಾಲಿಬೆಟ್ಟಕ್ಕೆ ಬಂದಿದ್ದರು. ಹುಡುಗಿ ಹಳೆಯ ಯೂನಿಫಾರ್ಮು ತೊಟ್ಟು ನಿಂತಳು. ಲಂಗ ಮೊಣಕಾಲಿನ ಮೇಲಕ್ಕೇರಿತ್ತು. ನೆಟ್ಟಗಾದ ಬೆನ್ನು ಅವಳನ್ನು ಅಷ್ಟು ಎತ್ತರ ಮಾಡಿತ್ತು.

ಕವನಾ ನೆಲದ ಮೇಲೆ ಕೂತು ಅಂಚಿನ ಹೊಲಿಗೆ ಬಿಚ್ಚತೊಡಗಿದಳು. ನಗು ತಡೆಯಲಾಗುತ್ತಿರಲಿಲ್ಲ.

"ಎಷ್ಟು ಬಿಡ್ತೀಯ?" ಎಂದರು ಮಾಯಿಲಪ್ಪ.

"ಎರಡು ಇಂಚು ಮಾವ."

ಅವರು ಮೊಮ್ಮಗಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು.

"ಒಳಗೆ ಇನ್ನೂ ಸ್ವಲ್ಪ ಬಟ್ಟೆ ಇಟ್ಟಿರು. ಬೆಳೆಯುವ ಕೂಸು."